ಫರ್ ಮರದ ಸಸಿ ಬೇಡ, ಅದನ್ನು ಬೆಳೆಯುವವರ ಲೆಕ್ಕ ಬೇಕು

ಡಿಸೆಂಬರ್ ಹತ್ತಿರ ಬಂದ ಹಾಗೆ ಈ ಪುಟಕ್ಕೆ ಬರುವ ಪ್ರಶ್ನೆಗಳ ಜಾತಿಯೇ ಬದಲಾಗ್ತದೆ. ಅಡಿಕೆ ಧಾರಣೆ, ಕಾಳುಮೆಣಸಿನ ಹಳದಿ ಎಲೆ ಎಲ್ಲ ಸ್ವಲ್ಪ ಹಿಂದೆ ಸರಿದು "ಕ್ರಿಸ್‌ಮಸ್ ಟ್ರೀ ಸಸಿ ಎಲ್ಲಿ ಸಿಗ್ತದೆ? ಇಪ್ಪತ್ತು ಸೆಂಟ್ಸ್ ಜಾಗ ಖಾಲಿ ಉಂಟು, ಹಾಕಿದರೆ ಲಾಭ ಉಂಟಾ?" ಅಂತ ಕೇಳುವವರು ಜಾಸ್ತಿ. ಕಾಪು, ಶಿರ್ವ ಕಡೆಯವರು ಕೇಳ್ತಾರೆ, ಕಾರ್ಕಳದವರು ಕೇಳ್ತಾರೆ. ಕಾರಣ ಗೊತ್ತಿರುವುದೇ. ಉಡುಪಿ, ಮಣಿಪಾಲದ ರಸ್ತೆ ಬದಿಯ ನರ್ಸರಿಗಳಲ್ಲಿ ಈಗ ಮೊಣಕಾಲೆತ್ತರದ ಒಂದು ಕುಂಡದ ಗಿಡಕ್ಕೆ ನೂರಾರು ರೂಪಾಯಿ ಹೇಳ್ತಾರೆ. ಮೊಬೈಲಲ್ಲಿ ನೋಡಿದರೆ ಅಮೆರಿಕದಲ್ಲಿ ಒಂದೊಂದು ಫರ್ ಮರ ಸಾವಿರಾರು ರೂಪಾಯಿಗೆ ಹೋಗುವ ವಿಡಿಯೋ. ಎರಡನ್ನೂ ಸೇರಿಸಿ ಗುಣಾಕಾರ ಮಾಡಿದರೆ ಯಾರಿಗಾದರೂ ಆಸೆ ಆಗುವುದೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ, ಪೂರ್ತಿ ಓದ್ಲಿಕ್ಕೆ ಪುರುಸೊತ್ತು ಇಲ್ಲದವರಿಗೆ. ನರ್ಸರಿಯಲ್ಲಿ ನಿಮಗೆ ಸಿಗುವುದು ಫರ್ ಮರ ಅಲ್ಲ. ನಿಜವಾದ ಫರ್ ನಮ್ಮ ಕರಾವಳಿಯಲ್ಲಿ ಬದುಕುವುದಿಲ್ಲ. ಆದ್ರೆ ಆ ಮರವನ್ನು ಬೆಳೆಯುವ ಡೆನ್ಮಾರ್ಕಿನ, ಅಮೆರಿಕದ ರೈತರ ಲೆಕ್ಕಾಚಾರ ಉಂಟಲ್ಲ, ಅದು ನಮಗೆ ಬಹಳ ಉಪಯೋಗಕ್ಕೆ ಬರ್ತದೆ. ಆ ಲೆಕ್ಕ ಹಿಡಿದು ನೋಡಿದರೆ ನಮ್ಮ ಊರಿನ ಹಬ್ಬಕ್ಕೆ ಬೇಕಾದ ಮರ ನಮ್ಮ ಬೇಲಿಯಲ್ಲೇ ಬೆಳೀತದೆ.

ಮೊದಲು ಗುರುತು. ಫರ್ ಅಂದರೆ ಸಸ್ಯಶಾಸ್ತ್ರದವರು ಏಬೀಸ್ ಅಂತ ಕರೆಯುವ ಕುಲ. ತಣ್ಣನೆ ಬೆಟ್ಟಗಳ ಮರ. ಎಲೆ ಸೂಜಿಯ ಹಾಗೆ, ಆದ್ರೆ ಚಪ್ಪಟೆ; ಚುಚ್ಚುವುದಿಲ್ಲ. ಒಂದೊಂದೇ ಎಲೆ ನೇರವಾಗಿ ರೆಂಬೆಗೆ ಅಂಟಿಕೊಂಡಿರುತ್ತದೆ. ಕಿತ್ತರೆ ರೆಂಬೆಯ ಮೇಲೆ ಚಿಕ್ಕ ದುಂಡು ಕಲೆ ಉಳಿಯುತ್ತದೆ. ಕಾಯಿ, ಅಂದರೆ ಶಂಕು, ಕೊಂಬೆಯ ಮೇಲೆ ದೀಪದ ಹಾಗೆ ನೆಟ್ಟಗೆ ಕೂತಿರುತ್ತದೆ. ಮಾಗಿದ ಮೇಲೆ ಮರದಲ್ಲೇ ಪುಡಿಪುಡಿಯಾಗಿ ಉದುರುತ್ತದೆ. ಇದರ ಅಣ್ಣತಮ್ಮನಂತಿರುವ ಸ್ಪ್ರೂಸ್ ಮರದಲ್ಲಿ ಶಂಕು ಕೆಳಗೆ ಜೋತುಬೀಳುತ್ತದೆ. ಕ್ರಿಸ್‌ಮಸ್‌ಗೆ ಫರ್ ಯಾಕೆ ಬೇಕಾಯಿತು ಅಂದರೆ, ಕಡಿದು ಮನೆಯೊಳಗೆ ತಂದು ನಿಲ್ಲಿಸಿದರೂ ವಾರಗಟ್ಟಲೆ ಎಲೆ ಉದುರಿಸುವುದಿಲ್ಲ. ಸ್ಪ್ರೂಸ್ ಬೇಗ ಉದುರಿಸುತ್ತದೆ. ಗುಡಿಸುವ ಮನೆಯವರಿಗೆ ಯಾವುದು ಇಷ್ಟ ಆಗ್ತದೆ ಅಂತ ಬೇರೆ ಹೇಳಬೇಕಾ!

ನಮ್ಮ ನರ್ಸರಿಗಳಲ್ಲಿ "ಕ್ರಿಸ್‌ಮಸ್ ಟ್ರೀ" ಅಂತ ಮಾರುವ, ಅಂತಸ್ತು ಅಂತಸ್ತಾಗಿ ಕೊಂಬೆ ಚಾಚುವ ಗಿಡ ಅರೌಕೇರಿಯಾ. ಅದು ಫರ್‌ನ ಕುಟುಂಬಕ್ಕೂ ಸೇರಿದ್ದಲ್ಲ. ಅದರ ಮೂಲ ಶಾಂತಸಾಗರದ ನಾರ್ಫೋಕ್ ದ್ವೀಪ, ನ್ಯೂ ಕ್ಯಾಲಿಡೋನಿಯಾ. ದ್ವೀಪದ ಮರ, ಉಪ್ಪುಗಾಳಿ ಸೆಕೆ ಎರಡೂ ತಡೆಯುತ್ತದೆ, ಹಾಗಾಗಿ ಇಲ್ಲಿ ಬದುಕುತ್ತದೆ. ಇನ್ನು ಕೆಲವು ಕಡೆ ಥೂಜಾ ಗಿಡವನ್ನೂ ಇದೇ ಹೆಸರಲ್ಲಿ ಕೊಡುತ್ತಾರೆ. ಗಿಡ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದ್ರೆ ಕೆಲವು ಕಡೆ "ಇದು ಒರಿಜಿನಲ್ ಫರ್, ಫಾರಿನ್ ತಳಿ" ಅಂತ ಹೇಳಿ ರೇಟು ಏರಿಸುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಮಂಗಳ ತಳಿ ಅಂತ ಹೇಳಿ ಊರಡಿಕೆ ಸಸಿ ಕೊಟ್ಟರೆ ನಾವು ಸುಮ್ಮನಿರುತ್ತೇವಾ? ಇದೂ ಅಷ್ಟೇ.

ಫರ್ ಇಲ್ಲಿ ಯಾಕೆ ಆಗುವುದಿಲ್ಲ ಅನ್ನುವುದಕ್ಕೆ ಮಣ್ಣಿಗಿಂತ ಮೊದಲು ಚಳಿಯನ್ನು ನೋಡಬೇಕು. ಈ ಮರಕ್ಕೆ ವರ್ಷಕ್ಕೊಮ್ಮೆ ಗಟ್ಟಿ ನಿದ್ದೆ ಬೇಕು. ವಾರಗಟ್ಟಲೆ ಗಟ್ಟಿ ಚಳಿ ಬಿದ್ದರೆ ಮಾತ್ರ ಅದರ ಮೊಗ್ಗು ಮುಂದಿನ ವಸಂತದಲ್ಲಿ ಸರಿಯಾಗಿ ಬಿಡುತ್ತದೆ. ಬೀಜ ಮೊಳೆಯುವುದಕ್ಕೂ ಹಾಗೆಯೇ. ಫ್ರಿಜ್ಜಿನಷ್ಟು ತಂಪಿನಲ್ಲಿ, ತೇವದಲ್ಲಿ, ನಾಲ್ಕಾರು ವಾರ ಇಟ್ಟ ಮೇಲೆಯೇ ಬಿತ್ತಬೇಕು. ನಮ್ಮಲ್ಲಿ ಜನವರಿ ಬೆಳಗ್ಗೆ ಇಪ್ಪತ್ತು ಡಿಗ್ರಿಗೆ ಇಳಿದರೆ "ಎಂತ ಚಳಿ ಮಾರಾಯ್ರೆ" ಅಂತ ಕಂಬಳಿ ಹುಡುಕುತ್ತೇವೆ. ಕಾರ್ಕಳದ ನೆತ್ತಿಯ ಮೇಲಿರುವ ಕುದುರೆಮುಖ ಶಿಖರ ಸುಮಾರು 1,890 ಮೀಟರ್ ಎತ್ತರ ಇದ್ದರೂ ಅಲ್ಲಿ ಹಿಮ ಬೀಳುವುದಿಲ್ಲ. ಇತ್ತ ಮಳೆ ನೋಡಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು, ಅದರಲ್ಲಿ ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ. ಬೇರಿನ ಬುಡದಲ್ಲಿ ನೀರು ನಿಂತರೆ ಫರ್ ಸಹಿಸುವುದೇ ಇಲ್ಲ. ಹಾಗಾಗಿ ಆನ್‌ಲೈನಲ್ಲಿ "ಕ್ರಿಸ್‌ಮಸ್ ಟ್ರೀ ಬೀಜ, ಐವತ್ತು ಪೀಸ್" ಅಂತ ಬರುವ ಪೊಟ್ಟಣಕ್ಕೆ ದುಡ್ಡು ಹಾಕಬೇಡಿ. ಅದು ಒಂದು ವೇಳೆ ನಿಜವಾದ ಬೀಜವೇ ಆಗಿದ್ದರೂ ನಿಮ್ಮ ಬೆಟ್ಟುಗದ್ದೆಯಲ್ಲಿ ಮರ ಆಗ್ಲಿಕ್ಕಿಲ್ಲ.

ಫರ್ ನಮ್ಮ ದೇಶದಲ್ಲೇ ಇಲ್ಲವಾ? ಉಂಟು. ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಎತ್ತರದ ಕಾಡುಗಳಲ್ಲಿ ಎರಡು ಜಾತಿ, ಪೂರ್ವ ಹಿಮಾಲಯದಲ್ಲಿ ಇನ್ನೊಂದು. ಹಿಂದೆ ಹಿಮಾಚಲದ ಸೇಬು ತುಂಬುವ ಮರದ ಪೆಟ್ಟಿಗೆಗೆ ಈ ಮರವನ್ನೇ ಬೇಕಾಬಿಟ್ಟಿ ಕಡಿದರು. ಕಾಡು ಖಾಲಿಯಾಗುವುದು ಕಂಡ ಮೇಲೆ ರಟ್ಟಿನ ಪೆಟ್ಟಿಗೆಗೆ ಬಂದರು. ಇನ್ನೊಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಕೆಮ್ಮಿಗೆ ಅಂತ ನಮ್ಮ ಮನೆಗಳಲ್ಲಿ ಜೇನಿನಲ್ಲಿ ಕಲಸಿ ನೆಕ್ಕುವ ತಾಲೀಸಾದಿ ಚೂರ್ಣ ಉಂಟಲ್ಲ, ಅದರ ತಾಲೀಸಪತ್ರ ಅಂದರೆ ಆಯುರ್ವೇದದ ಅಧಿಕೃತ ಔಷಧಕೋಶದ ಪ್ರಕಾರ ಹಿಮಾಲಯದ ಫರ್ ಮರದ ಎಲೆ. ಕ್ರಿಸ್‌ಮಸ್ ಟ್ರೀ ಅನ್ನುವ ಮಾತು ಕೇಳುವ ಎಷ್ಟೋ ಮೊದಲೇ ಫರ್ ನಮ್ಮ ಅಜ್ಜಿಯರ ಡಬ್ಬಿಯೊಳಗೆ ಬಂದಾಗಿತ್ತು. ಅಲ್ಲಿಯೂ ಹೆಸರಿನ ತಕರಾರು ತಪ್ಪಿದ್ದಲ್ಲ. ತಾಲೀಸಪತ್ರ ಅಂತಲೇ ಬೇರೆ ಮರಗಳ ಎಲೆಯೂ ಮಾರುಕಟ್ಟೆಗೆ ಬರುತ್ತದೆ. ಕುತ್ಪಾಡಿಯ ಆಯುರ್ವೇದ ಕಾಲೇಜಿನಲ್ಲಿ ಓದಿದ ವೈದ್ಯರನ್ನು ಕೇಳಿ ನೋಡಿ, ಎಲೆಯ ಗುರುತು ಎಷ್ಟು ಮುಖ್ಯ ಅಂತ ಅವರು ಹೇಳ್ತಾರೆ.

ಈಗ ಬೆಳೆಗಾರರ ಲೆಕ್ಕಕ್ಕೆ ಬರುವ. ಯುರೋಪಿನಲ್ಲಿ ಇವತ್ತು ಕ್ರಿಸ್‌ಮಸ್‌ಗೆ ಹೆಚ್ಚು ಓಡುವುದು ನಾರ್ಡ್‌ಮನ್ ಫರ್. ಮೂಲ ಊರು ಕಾಕಸಸ್ ಬೆಟ್ಟಗಳು, ಅಂದರೆ ಜಾರ್ಜಿಯಾ, ಟರ್ಕಿ, ರಷ್ಯಾ ಸೇರುವ ಜಾಗ. ಬೆಳೆಯುವುದು ಡೆನ್ಮಾರ್ಕಿನಲ್ಲಿ. ಉಡುಪಿಯಂತಹ ಜಿಲ್ಲೆಗಳನ್ನು ಹತ್ತು ಹನ್ನೆರಡು ಸೇರಿಸಿದರೆ ಆಗುವಷ್ಟು ಚಿಕ್ಕ ದೇಶ ಅದು. ವರ್ಷಕ್ಕೆ ಸುಮಾರು ಒಂದು ಕೋಟಿ ಮರ ಕಡಿದು ಮಾರ್ತಾರೆ, ಹೆಚ್ಚಿನದ್ದು ಜರ್ಮನಿಯಂತಹ ಹೊರದೇಶಗಳಿಗೆ ಹೋಗ್ತದೆ. ಬೀಜ ಮಾತ್ರ ಇವತ್ತಿಗೂ ಬಹುಪಾಲು ಜಾರ್ಜಿಯಾದಿಂದಲೇ ಬರಬೇಕು. ಅಲ್ಲಿನ ಅಂಬ್ರೊಲೌರಿ ಅನ್ನುವ ಊರಿನ ಸುತ್ತಿನ ಕಾಡಿನ ಬೀಜಕ್ಕೆ ಬಹಳ ಹೆಸರು. ಸೆಪ್ಟೆಂಬರಿನಲ್ಲಿ ಅಲ್ಲಿನ ಹಳ್ಳಿಯವರು ನಮ್ಮ ತೆಂಗಿನ ಮರಕ್ಕಿಂತ ಎಷ್ಟೋ ಎತ್ತರದ ಮರಗಳ ತುದಿಗೆ ಹತ್ತಿ ಶಂಕು ಕೊಯ್ಯುತ್ತಾರೆ. ಬಿದ್ದು ಸತ್ತವರೂ ಇದ್ದಾರೆ. ಅಂಗಡಿಯಲ್ಲಿ ಮರಕ್ಕೆ ಸಿಗುವ ಬೆಲೆಯಲ್ಲಿ ಹತ್ತಿದವನ ಕೈಗೆ ಬರುವುದು ಅತಿ ಕಡಿಮೆ. ಅಡಿಕೆ ಮರ ಹತ್ತುವವರನ್ನು ಕಾದು ಕೂರುವ ನಮಗೆ ಈ ಕಥೆ ಬೇರೆ ದೇಶದ್ದು ಅಂತ ಅನ್ನಿಸುವುದೇ ಇಲ್ಲ.

ಅಮೆರಿಕದ ನಾರ್ತ್ ಕೆರೋಲಿನಾದಲ್ಲಿ ಬೆಳೆಯುವುದು ಫ್ರೇಸರ್ ಫರ್. ಜಾನ್ ಫ್ರೇಸರ್ ಅನ್ನುವ ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞನ ಹೆಸರು. ಅದೇ ಗುಡ್ಡಗಳ ನೆತ್ತಿಯಲ್ಲಿ ಹುಟ್ಟಿದ ಜಾತಿ ಅದು. ಐದಡಿಗೆ ಐದಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 1,700 ಮರ. ನಮ್ಮ ಅಡಿಕೆ ಎಕರೆಗೆ 550 ಆಸುಪಾಸು, ಹೋಲಿಸಿ ನೋಡಿ. ಪ್ರತಿ ಬೇಸಿಗೆಯಲ್ಲಿ ಒಂದೊಂದು ಮರವನ್ನೂ ಉದ್ದ ಕತ್ತಿಯಿಂದ ಸವರಿ ಗೋಪುರದ ಆಕಾರಕ್ಕೆ ತರಬೇಕು. ಅದಕ್ಕೆ ಅವರ ಊರಲ್ಲಿ ಕೆಲಸಕ್ಕೆ ಜನ ಇಲ್ಲ, ಮೆಕ್ಸಿಕೊದಿಂದ ವೀಸಾ ಕೊಟ್ಟು ಕರೆಸ್ತಾರೆ. ಆಳುದ್ದದ ಮರ ಆಗ್ಲಿಕ್ಕೆ ಏಳರಿಂದ ಹತ್ತು ವರ್ಷ. ಮಾರಾಟಕ್ಕೆ ಸಿಗುವುದು ಒಂದೇ ತಿಂಗಳು. ಡಿಸೆಂಬರ್ 26ಕ್ಕೆ ಆ ಮರದ ಬೆಲೆ ಸೊನ್ನೆ.

ಈಗ ನಮ್ಮ ಹೊಟ್ಟೆಗೆ ಹತ್ತಿರದ ವಿಷಯ. ಫ್ರೇಸರ್ ಫರ್‌ನ ದೊಡ್ಡ ಶತ್ರು ಯಾರು ಗೊತ್ತುಂಟಾ? ಫೈಟೋಫ್ತೊರಾ. ಹೌದು, ನಮ್ಮ ಅಡಿಕೆಗೆ ಕೊಳೆರೋಗ ತರುವ, ಕಾಳುಮೆಣಸಿನ ಬಳ್ಳಿಯನ್ನು ಒಂದೇ ಮಳೆಗಾಲದಲ್ಲಿ ಸೊರಗಿಸುವ ಅದೇ ಕುಲ. ಜಾತಿ ಬೇರೆ, ಬುದ್ಧಿ ಒಂದೇ. ನೀರು ನಿಂತ ಕಡೆ ಬೇರಿನಿಂದ ಹಿಡಿಯುತ್ತದೆ. ಒಮ್ಮೆ ಮಣ್ಣಿಗೆ ಬಂದರೆ ಆ ಜಾಗದಲ್ಲಿ ಫ್ರೇಸರ್ ಫರ್ ಮತ್ತೆ ನೆಡುವುದು ಕಷ್ಟ. ಅವರು ಹುಡುಕಿದ ದಾರಿಯೂ ನಮಗೆ ಗೊತ್ತಿರುವುದೇ. ಕಾಳುಮೆಣಸನ್ನು ನಾವು ದಕ್ಷಿಣ ಅಮೆರಿಕದ ಕಾಡುಹಿಪ್ಪಲಿಗೆ ಕಸಿ ಕಟ್ಟುತ್ತೇವಲ್ಲ, ಹಾಗೆ ಅವರು ರೋಗ ತಡೆಯುವ ಜಪಾನಿನ ಮೋಮಿ ಫರ್, ಟರ್ಕಿಯ ಫರ್ ಬೇರಿನ ಮೇಲೆ ಫ್ರೇಸರ್ ಕಟ್ಟಿ ನೋಡ್ತಿದ್ದಾರೆ. 1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬೆನ್ನು ಹತ್ತಿ ಬೋರ್ಡೋ ದ್ರಾವಣದ ದಾರಿ ತೋರಿಸಿದ್ದನ್ನು ನೆನೆಸಿಕೊಳ್ಳಿ. ಮೈಲುತುತ್ತು, ಸುಣ್ಣದ ಆ ನೀಲಿ ನೀರನ್ನು ಹಿಡಿದು ನಾವು ಇವತ್ತಿಗೂ ಮಳೆಗೆ ಮೊದಲು ತೋಟಕ್ಕೆ ಓಡುತ್ತೇವೆ. ಫರ್ ಬೆಳೆಗಾರನಿಗೂ ಇದೇ ಗಾಬರಿ. ಮೊಬೈಲಿನ ವಿಡಿಯೋದಲ್ಲಿ ಹಿಮ ಕಾಣ್ತದೆ, ಜಿಂಗಲ್ ಬೆಲ್ ಕೇಳ್ತದೆ, ಈ ಕೊಳೆತ ಬೇರು ಕಾಣುವುದಿಲ್ಲ.

ಇನ್ನು ಬೆಲೆ. ಅಮೆರಿಕದಲ್ಲಿ ಈ ಶತಮಾನದ ಆರಂಭದಲ್ಲಿ ಎಲ್ಲರೂ ನೆಟ್ಟರು. ಮರಗಳೆಲ್ಲ ಒಟ್ಟಿಗೆ ಕಡಿಯಲು ಬಂದವು, ಅದೇ ಹೊತ್ತಿಗೆ 2008ರ ಆರ್ಥಿಕ ಹಿಂಜರಿತವೂ ಬಂತು. ಬೆಲೆ ಬಿತ್ತು. ಎಷ್ಟೋ ಬೆಳೆಗಾರರು ಬಿಟ್ಟೇ ಹೋದರು, ಉಳಿದವರು ಸಸಿ ನೆಡುವುದು ಕಡಿಮೆ ಮಾಡಿದರು. ಎಂಟು ಹತ್ತು ವರ್ಷ ಕಳೆದು 2016ರ ನಂತರ ಮರಕ್ಕೆ ಕೊರತೆ ಆಯ್ತು, ಬೆಲೆ ಏರಿತು. ಈ ಏರಿದ ಬೆಲೆಯ ವಿಡಿಯೋವನ್ನೇ ನೀವು ನೋಡಿದ್ದು. ನಮ್ಮಲ್ಲಿ ವೆನಿಲ್ಲಾ ನೆನಪುಂಟಲ್ಲ? 2003ರ ಆಸುಪಾಸು ಹಸಿ ಕೋಡಿಗೆ ಕಿಲೋಗೆ ಸಾವಿರದ ಲೆಕ್ಕದಲ್ಲಿ ಧಾರಣೆ. ರಾತ್ರಿ ಟಾರ್ಚ್ ಹಿಡಿದು ತೋಟ ಕಾದವರಿದ್ದಾರೆ. ಬಳ್ಳಿ ಮಾರಿದವರು ದುಡ್ಡು ಮಾಡಿದರು. ಆ ಬಳ್ಳಿ ಕೊಂಡು, ನೆಟ್ಟು, ಬೆಳಗ್ಗೆ ಬೆಳಗ್ಗೆ ಹೂವಿಗೆ ಕೈಯಲ್ಲಿ ಪರಾಗ ಮುಟ್ಟಿಸಿ ಕೋಡು ಮಾಡುವಷ್ಟರಲ್ಲಿ ಧಾರಣೆ ನೆಲ ಕಂಡಿತ್ತು. ಯಾವುದೇ ಹೊಸ ಬೆಳೆಯಲ್ಲಿ ಮೊದಲು ಲಾಭ ಮಾಡುವುದು ಸಸಿ ಮಾರುವವನು. ಇದನ್ನು ಮನೆಯ ಗೋಡೆಯಲ್ಲಿ ಬರೆದಿಟ್ಟುಕೊಂಡರೂ ತೊಂದರೆ ಇಲ್ಲ.

ಹಾಗಾದರೆ ಅವರಿಂದ ಕಲಿಯುವುದು ಎಂತ? ಮೂರು ಸಂಗತಿ ನನಗೆ ಕಾಣ್ತದೆ. ಒಂದು, ನಾರ್ತ್ ಕೆರೋಲಿನಾದವರು ಎಲ್ಲಿಂದಲೋ ಮರ ತರಲಿಲ್ಲ. ತಮ್ಮ ಗುಡ್ಡದಲ್ಲೇ ಇದ್ದ ಮರವನ್ನು ಹಬ್ಬದ ಬೆಳೆ ಮಾಡಿಕೊಂಡರು. ಎರಡು, ಹೆಸರು ಹೇಳಿ ಮಾರ್ತಾರೆ. ಇದು ಫ್ರೇಸರ್, ಇದು ನಾರ್ಡ್‌ಮನ್, ಇದು ಸ್ಪ್ರೂಸ್, ಇದರ ಎಲೆ ಉದುರ್ತದೆ ಅಂತ ಗಿರಾಕಿಗೆ ಗೊತ್ತಿರ್ತದೆ. ಮೂರು, ಹಬ್ಬದ ತಾರೀಕನ್ನು ಹಿಡಿದು ಹಿಂದಿನಿಂದ ಲೆಕ್ಕ ಹಾಕ್ತಾರೆ: ಯಾವ ವರ್ಷ ಎಷ್ಟು ನೆಡಬೇಕು, ಯಾವಾಗ ಕಡಿಯಬೇಕು, ಉಳಿದರೆ ಎಂತ ಮಾಡಬೇಕು.

ಈ ಮೂರೂ ನಮ್ಮೂರಿಗೆ ಹೊಸದೇನಲ್ಲ. ಚೌತಿ ಮತ್ತು ಮೊಂತಿ ಫೆಸ್ತ್ ಹತ್ತಿರ ಹತ್ತಿರ ಬರುತ್ತವೆ ಅಂತ ಲೆಕ್ಕ ಹಾಕಿ ಕಬ್ಬು ಬೆಳೆಯುವವರು ನಮ್ಮಲ್ಲಿ ಇದ್ದಾರೆ. ಅದೇ ಕಬ್ಬು ಗಣಪತಿ ಮುಂದೆಯೂ ನಿಲ್ತದೆ, ಇಗರ್ಜಿ ಅಂಗಳದಲ್ಲಿ ಮಕ್ಕಳ ಕೈಗೂ ಹೋಗ್ತದೆ. ತುಳಸಿ ಪೂಜೆಗೆ ನೆಲ್ಲಿಕಾಯಿ ಕೊಂಬೆ ಸಂತೆಗೆ ಬರ್ತದೆ. ಶಂಕರಪುರದ ಮಲ್ಲಿಗೆಯ ಕಥೆಯಂತೂ ಕೇಳುವುದೇ ಬೇಡ. ಹತ್ತಿಪ್ಪತ್ತು ಸೆಂಟ್ಸಿನಲ್ಲಿ ಮನೆಯ ಹೆಂಗಸರು ಬೆಳೆದ ಹೂವಿಗೆ ದಿನದಿನದ ರೇಟು, ಅಟ್ಟೆಯ ಲೆಕ್ಕ; ಹಬ್ಬ, ಮದುವೆ ಸೀಸನ್ ಬಂದರೆ ಏರ್ತದೆ, ಮರುದಿನ ಇಳೀತದೆ. ಡಿಸೆಂಬರ್ 26ರ ಫರ್ ಮರದ ಹಾಗೆ ನಿನ್ನೆಯ ಮಲ್ಲಿಗೆಗೂ ಬೆಲೆ ಇಲ್ಲ. ಈ ಗಡಿಬಿಡಿಯ ವ್ಯಾಪಾರವನ್ನು ಕಾಪು ತಾಲೂಕಿನ ಮಲ್ಲಿಗೆ ಮನೆಗಳು ಡೆನ್ಮಾರ್ಕಿನವರಿಗೆ ಬೇಕಾದರೆ ಪಾಠ ಮಾಡಬಹುದು. ಮಟ್ಟುಗುಳ್ಳವನ್ನೇ ನೋಡಿ. ಅದಕ್ಕೆ ಮಟ್ಟು ಊರಿನ ಮಣ್ಣೇ ಬೇಕು ಅಂತ ನಾವು ಹಠ ಹಿಡೀತೇವೆ, ಅದರ ಹೆಸರಲ್ಲಿ ಬೇರೆ ಬದನೆ ಮಾರಿದರೆ ಜಗಳ ಮಾಡ್ತೇವೆ. ಫರ್ ವಿಷಯದಲ್ಲಿ ಮಾತ್ರ ಮಣ್ಣೂ ಬೇಡ, ಹೆಸರೂ ಬೇಡ ಅನ್ನುವುದು ಯಾವ ನ್ಯಾಯ?

ನಮ್ಮ ಕರಾವಳಿಯ ಕ್ರಿಶ್ಚಿಯನ್ ಮನೆಗಳಲ್ಲಿ ಹಬ್ಬದ ಮರ ಅಂದರೆ ಬಹಳ ಕಾಲದಿಂದ ಗಾಳಿಮರದ ಕೊಂಬೆ. ಪಕ್ಕದಲ್ಲಿ ಗೋದಲಿ. ಗುಡ್ಡೆಯ ಮುಳಿಹುಲ್ಲು ತಂದು ಮಾಡು ಹೊದೆಸುವುದು, ಹೊಸ ಬೈಹುಲ್ಲು ಹಾಸುವುದು, ತಟ್ಟೆಯಲ್ಲಿ ಭತ್ತವೋ ರಾಗಿಯೋ ಮೊಳಕೆ ಬರಿಸಿ ಗದ್ದೆ ಮಾಡುವುದು. ನೆರೆಕರೆಯ ಎಲ್ಲ ಮನೆಗಳಿಗೂ ಕುಸ್ವಾರ್ ತಟ್ಟೆ ಬರುವಾಗ ಗೋದಲಿ ನೋಡ್ಲಿಕ್ಕೆ ಬರಬೇಕು ಅಂತ ಕರೆಯೂ ಬರ್ತದೆ. ಆ ಗೋದಲಿ ಪೂರ್ತಿ ನಮ್ಮ ಡಿಸೆಂಬರಿನ ಗದ್ದೆ ಗುಡ್ಡೆಯೇ. ಜರ್ಮನಿಯವರು ತಮ್ಮ ಕಾಡಿನಲ್ಲಿ ಸಿಕ್ಕಿದ ಫರ್ ಕಡಿದು ತಂದರು, ನಮ್ಮವರು ತಮ್ಮ ಕಡಲ ತಡಿಯಲ್ಲಿ ಸಿಕ್ಕಿದ ಗಾಳಿಮರ ತಂದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಲ್ಲಿ ಬಹಳಷ್ಟು ಜನ ಫರ್ ಕಾಡುಗಳಿರುವ ದಕ್ಷಿಣ ಜರ್ಮನಿ ಕಡೆಯವರು. ಅವರು ಕೂಡ ಇಲ್ಲಿ ಇದ್ದಷ್ಟು ಕಾಲ ಇಲ್ಲಿನ ಹಸಿರಿನಲ್ಲೇ ಹಬ್ಬ ಮಾಡಬೇಕಿತ್ತು, ಬೇರೆ ದಾರಿ ಇರಲಿಲ್ಲ.

ಗಾಳಿಮರವೂ ಹೊರಗಿನದ್ದೇ ಅಲ್ಲವಾ ಅಂತ ನೀವು ಕೇಳಬಹುದು. ಹೌದು. ಅಂಡಮಾನ್, ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾದ ಕಡಲತೀರದ ಮರ. ನಮ್ಮ ರಾಜ್ಯಕ್ಕೆ 1868ರ ಹೊತ್ತಿಗೆ ಕಾರವಾರದ ಕಡೆಯಿಂದ ಬಂತು. ಆದ್ರೆ ಉಪ್ಪುಗಾಳಿ, ಹೊಯಿಗೆ ಮಣ್ಣು, ಜೋರು ಮಳೆ ಈ ಮೂರೂ ಅದಕ್ಕೆ ತವರುಮನೆ ಇದ್ದ ಹಾಗೆ. ಬೇರಿನಲ್ಲಿರುವ ಫ್ರಾಂಕಿಯಾ ಅನ್ನುವ ಸೂಕ್ಷ್ಮಜೀವಿ ಗಾಳಿಯ ಸಾರಜನಕ ಹಿಡಿದು ಕೊಡುತ್ತದೆ, ಹಾಗಾಗಿ ಬಡ ಮಣ್ಣಿನಲ್ಲೂ ವರ್ಷಕ್ಕೆ ಆಳೆತ್ತರ ಏರುತ್ತದೆ. ಫರ್ ಹತ್ತು ವರ್ಷದಲ್ಲಿ ಮಾಡುವ ಎತ್ತರವನ್ನು ಇದು ಒಂದೆರಡು ವರ್ಷದಲ್ಲಿ ಮಾಡ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸ್ವಂತ ಜಾಗದಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿ ಗಾಳಿಮರ ಸೇರಿದೆ, ಇದೂ ಒಂದು ಅನುಕೂಲ.

ನನ್ನ ಸಲಹೆ ಸಣ್ಣದು. ಇಪ್ಪತ್ತು ಸೆಂಟ್ಸಿಗೆ ಪೂರ್ತಿ ಹಾಕಬೇಡಿ. ಜಾಗದ ಗಡಿಯಲ್ಲಿ, ಗದ್ದೆಗೂ ಅಡಿಕೆಗೂ ನೆರಳು ಬೀಳದ ಬದಿಯಲ್ಲಿ, ಎರಡು ಮೀಟರಿಗೆ ಒಂದರಂತೆ ಒಂದು ಸಾಲು ಗಾಳಿಮರ ಹಾಕಿ. ಮಳೆ ಹಿಡಿದ ಮೇಲೆ ನೆಟ್ಟರೆ ನೀರಿನ ಖರ್ಚೂ ಕಡಿಮೆ. ಎರಡನೇ ವರ್ಷದಿಂದ ಡಿಸೆಂಬರ್ 20ರ ನಂತರ ನಾಲ್ಕೈದು ಅಡಿಯ ಚಂದದ ಕೊಂಬೆ ನೋಡಿ ಕೊಯ್ಯಿರಿ. ಬಾಲ್ದಿಯಲ್ಲಿ ಒದ್ದೆ ಹೊಯಿಗೆ ತುಂಬಿ ಅದರಲ್ಲಿ ನಿಲ್ಲಿಸಿ ಕೊಟ್ಟರೆ ಹಬ್ಬ ಕಳೆಯುವವರೆಗೆ ಹಸಿರಾಗಿರ್ತದೆ. ಕೊಂಬೆ ಮಾರಾಟ ಆಗದಿದ್ದರೆ ನಷ್ಟ ಇಲ್ಲ. ಮರ ನಿಂತೇ ಇರ್ತದೆ, ನಾಲ್ಕೈದು ವರ್ಷದಲ್ಲಿ ಕಂಬಕ್ಕೆ, ಚಪ್ಪರಕ್ಕೆ, ಸೌದೆಗೆ ಗಿರಾಕಿ ಉಂಟು. ಫರ್ ಬೆಳೆಗಾರನಿಗೆ ಇಲ್ಲದ ಈ ಎರಡನೇ ದಾರಿ ನಮಗೆ ಉಂಟು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೇನೆ. ಮಲ್ಪೆ, ಪಡುಕೆರೆ, ಕಾಪು, ಪಡುಬಿದ್ರಿ ಕಡಲ ತಡಿಯಲ್ಲಿ ಅರಣ್ಯ ಇಲಾಖೆ ಬೆಳೆಸಿದ ಗಾಳಿಮರ ಇದ್ದರೆ ಅದಕ್ಕೆ ಕತ್ತಿ ಹಾಕಬೇಡಿ. ಅದು ಹೊಯಿಗೆ ಹಿಡಿದು ನಿಲ್ಲಿಸಲಿಕ್ಕೆ ನೆಟ್ಟದ್ದು. ಕಡಲು ಮನೆ ಬಾಗಿಲಿಗೆ ಬಂದು ತೆಂಗು ನುಂಗಿದ್ದನ್ನು ನಮ್ಮ ಜಿಲ್ಲೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಕೊಂಬೆ ನಮ್ಮ ಬೇಲಿಯದ್ದಾಗಿರಲಿ.

ಅರೌಕೇರಿಯಾ ಬೇಕು ಅನ್ನುವವರಿಗೆ ಅದರ ಹೆಸರಲ್ಲೇ ಕೊಡುವ. ಕುಂಡದಲ್ಲಿ ಬೆಳೆಸಿ ವರ್ಷ ವರ್ಷ ಅದೇ ಗಿಡ ಒಳಗೆ ತಂದು ಸಿಂಗರಿಸಬಹುದು. ಕಡಿಯುವ ಮರಕ್ಕಿಂತ ಅದು ಒಳ್ಳೆಯದೇ. ಮಣಿಪಾಲದ ಫ್ಲ್ಯಾಟುಗಳಿಗೆ ಇದು ಸರಿಯಾದ ಗಿಡ. ಆದ್ರೆ ಹಬ್ಬ ಆದ ಮೇಲೆ ಪಾಪ ಅಂತ ಮನೆಯ ಗೋಡೆ ಬದಿಗೆ, ಕರೆಂಟಿನ ತಂತಿ ಅಡಿಗೆ ನೆಟ್ಟುಬಿಡಬೇಡಿ. ಇದು ಅಂಗಳದ ಗಿಡ ಅಲ್ಲ. ಅದರ ಊರಲ್ಲಿ ಐವತ್ತು ಮೀಟರ್ ದಾಟುವ ಮರ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಹಳೆಯ ಅರೌಕೇರಿಯಾ ಮರಗಳ ಬುಡದಲ್ಲಿ ನಿಂತು ಒಮ್ಮೆ ಮೇಲೆ ನೋಡಿ, ಕುತ್ತಿಗೆ ನೋಯ್ತದೆ. ನ್ಯೂ ಕ್ಯಾಲಿಡೋನಿಯಾದ ಜಾತಿ ಭೂಮಧ್ಯರೇಖೆಯ ಕಡೆ ವಾಲಿ ಬೆಳೆಯುತ್ತದೆ ಅಂತ 2017ರಲ್ಲಿ ವಿಜ್ಞಾನಿಗಳು ಬೇರೆ ಬೇರೆ ದೇಶಗಳಲ್ಲಿ ಅಳೆದು ಬರೆದಿದ್ದಾರೆ. ಅಂದರೆ ನಮ್ಮಲ್ಲಿ ದಕ್ಷಿಣಕ್ಕೆ. ನಿಮ್ಮ ಮನೆ ಮರದ ದಕ್ಷಿಣಕ್ಕೆ ಇದ್ದರೆ ಆಲೋಚನೆ ಮಾಡಿ! ಸಸಿ ಮಾಡುವವರಿಗೂ ಒಂದು ಸೂಕ್ಷ್ಮ ಉಂಟು. ಅಡ್ಡಕೊಂಬೆಯಿಂದ ಗಿಡ ಮಾಡಿದರೆ ಅದು ನೆಟ್ಟಗೆ ಏಳುವುದಿಲ್ಲ, ಅಡ್ಡಡ್ಡವೇ ಹರಿಯುತ್ತದೆ. ಕಾಳುಮೆಣಸಿನ ಪಕ್ಕದ ರೆಂಬೆಯಿಂದ ಮಾಡಿದ ಗಿಡ ಮರ ಹತ್ತದೆ ಪೊದೆಮೆಣಸು ಆಗ್ತದಲ್ಲ, ಅದೇ ಕಥೆ. ಬೀಜದಿಂದ ಅಥವಾ ನೆತ್ತಿಯ ಚಿಗುರಿನಿಂದ ಬಂದ ಗಿಡ ಹೌದಾ ಅಂತ ಕೇಳಿಯೇ ದುಡ್ಡು ಕೊಡಿ.

"ಅಷ್ಟು ದೊಡ್ಡ ಮಾರ್ಕೆಟ್ ಎಲ್ಲಿದೆ ಭಟ್ರೆ, ಈಗ ಎಲ್ಲರ ಮನೆಯಲ್ಲೂ ಪ್ಲಾಸ್ಟಿಕ್ ಮರ" ಅಂತ ಹೇಳುವವರ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಪ್ಲಾಸ್ಟಿಕ್ ಮರ ಒಮ್ಮೆ ತಂದರೆ ಅಟ್ಟದಲ್ಲಿಟ್ಟು ಮಕ್ಕಳ ಕಾಲದವರೆಗೂ ಬಳಸಿ. ಮೂರು ವರ್ಷಕ್ಕೆ ಬಿಸಾಡಿ ಹೊಸದು ತಂದರೆ ಅದು ಹೋಗಿ ಸೇರುವುದು ನಮ್ಮದೇ ತೋಡಿಗೆ. ಇನ್ನು ಮಾರ್ಕೆಟ್ ಚಿಕ್ಕದು ಅನ್ನುವುದು ನಿಜ. ಹಾಗಾಗಿಯೇ ನಾನು ಒಂದು ಸಾಲು ಅಂದದ್ದು, ಒಂದು ಎಕರೆ ಅನ್ನಲಿಲ್ಲ. ಶಿರ್ವ, ಕಲ್ಯಾಣಪುರ, ಉದ್ಯಾವರ, ಅತ್ತೂರಿನ ಸುತ್ತ ಎಷ್ಟು ಮನೆಗಳಿಗೆ ಕೊಂಬೆ ಬೇಕು ಅಂತ ಅಲ್ಲಿಯದೇ ಒಬ್ಬ ರೈತ ಅಡ್ವೆಂಟಿನ ಮೊದಲ ವಾರ ಕೇಳಿಕೊಂಡು ಬಂದರೆ ಲೆಕ್ಕ ಸಿಕ್ಕಿತು. ಮೊದಲು ಗಿರಾಕಿ ಎಣಿಸಿ, ಆಮೇಲೆ ಗುಂಡಿ ತೆಗೆಯಿರಿ. ಹೊಸ ಸಸಿಯ ಬಗ್ಗೆ ಸಂಶಯ ಇದ್ದರೆ ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರಕ್ಕೆ ಒಂದು ಕೊಂಬೆ ಹಿಡ್ಕೊಂಡು ಹೋಗಿ ತೋರಿಸಿ. ಅಲ್ಲಿಗೆ ಹೋಗುವ ಬಸ್ಸಿನ ಟಿಕೆಟು ಒಂದು ಸುಳ್ಳು ಸಸಿಗಿಂತ ಅಗ್ಗ.

ನರ್ಸರಿಯವರಿಗೂ ಒಂದು ವಿನಂತಿ. ನೀವೂ ನಮ್ಮವರೇ, ನಿಮ್ಮ ಹೊಟ್ಟೆಪಾಡಿಗೆ ಕಲ್ಲು ಹಾಕುವುದು ನನ್ನ ಉದ್ದೇಶ ಅಲ್ಲ. ಕುಂಡದ ಮೇಲೆ "ಅರೌಕೇರಿಯಾ, ಕ್ರಿಸ್‌ಮಸ್‌ಗೆ ಚಂದ, ದೊಡ್ಡ ಮರ ಆಗ್ತದೆ, ಮನೆ ಹತ್ತಿರ ನೆಡಬೇಡಿ" ಅಂತ ಒಂದು ಚೀಟಿ ಕಟ್ಟಿ. ಅಷ್ಟು ಬರೆದರೆ ಗಿಡ ಮಾರಾಟ ಆಗುವುದು ನಿಲ್ಲುವುದಿಲ್ಲ, ಕೊಂಡವರು ಮುಂದಿನ ವರ್ಷ ಜಗಳಕ್ಕೆ ಬರುವುದು ನಿಲ್ತದೆ.

ಕೊನೆಗೆ ನಿಮಗೆ ಒಂದು ಕೆಲಸ. ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಹಬ್ಬಕ್ಕೆ ಯಾವ ಮರದ ಕೊಂಬೆ ಕಟ್ತಾರೆ, ಎಲ್ಲಿಂದ ತರ್ತಾರೆ, ದುಡ್ಡು ಕೊಡ್ತಾರಾ ಅಂತ ಕೇಳಿ ಇಲ್ಲಿ ಬರೀರಿ. ಗಾಳಿಮರ ಅಲ್ಲದೆ ಬೇರೆ ಮರ ಕಟ್ಟುವ ಊರು ಇದ್ದರೆ ಆ ಮರದ ಹೆಸರೂ ಹಾಕಿ. ನೂರು ಉತ್ತರ ಬಂದರೆ ಮುಂದಿನ ಮಳೆಗಾಲದಲ್ಲಿ ಎಷ್ಟು ಸಸಿ ನೆಡಬಹುದು ಅನ್ನುವ ಅಂದಾಜು ನಮಗೆ ಇಲ್ಲೇ ಸಿಗ್ತದೆ.